ದೀಪ ಬೆಳಗಿದ ಮೇಲೆ ಏರಿದ ಅಂಕಿ

ಕೊರೊನಾ ಕಳೆದು ಶಾಲೆಗಳು ಮತ್ತೆ ತುಂಬಿಕೊಂಡ ಮೇಲಿನ ಎರಡನೆಯ ಚಳಿಗಾಲ ಅದು. ನಾನಾಗ ದೆಹಲಿಗೆ ಅಂಟಿಕೊಂಡಿರುವ ಘಾಜಿಯಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಚಿತ್ರದುರ್ಗದಲ್ಲಿ ಬಿ.ಎಡ್. ಮುಗಿಸಿ, ಮದುವೆಯಾಗಿ ದೆಹಲಿಗೆ ಬಂದವಳು ನಾನು. ವೃತ್ತಿಜೀವನವೆಲ್ಲ ಯಮುನೆಯ ಆಚೀಚೆಯ ಶಾಲೆಗಳಲ್ಲೇ ಕಳೆಯಿತು. ನಿವೃತ್ತಿಗೆ ಇನ್ನು ಒಂದೆರಡು ವರ್ಷವಷ್ಟೇ ಉಳಿದಿತ್ತು.

ನಮ್ಮ ಶಾಲೆಯಲ್ಲಿ ಪ್ರತಿ ಟರ್ಮಿನ ಕೊನೆಗೆ ಮಕ್ಕಳು ಪೋಷಕರ ಎದುರು ವೇದಿಕೆ ಹತ್ತಿ ತಮ್ಮ ಪ್ರಾಜೆಕ್ಟ್ ವಿವರಿಸಬೇಕಿತ್ತು. ವಿವರಿಸುವುದೆಂದರೆ ಬಾಯಿಪಾಠ ಒಪ್ಪಿಸುವುದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯ ಭಯ್ಯಾ ಥರ್ಮೊಕೋಲಿನ ಜ್ವಾಲಾಮುಖಿಯನ್ನು ಚಿಕ್ಕದು, ದೊಡ್ಡದು ಎಂದು ಎರಡು ಸೈಜಿನಲ್ಲಿ ಮಾಡಿ ಮಾರುತ್ತಿದ್ದ. ಒಂದು ವರ್ಷ ಒಂದೇ ದಿನ ಅಷ್ಟೊಂದು ಜ್ವಾಲಾಮುಖಿಗಳನ್ನು ನೋಡಿ ನನಗೆ ತಲೆ ಕೆಟ್ಟುಹೋಗಿತ್ತು. ಈ ಸಲ ನಾನು ನಿಯಮ ಬದಲಿಸಿದೆ. ಮಕ್ಕಳು ತಾವೇ ಅಳೆದು ನೋಡಿದ್ದನ್ನು ಮಾತ್ರ ಹೇಳಬೇಕು, ಪೋಷಕರು ಏನು ಬೇಕಾದರೂ ಕೇಳಬಹುದು. ಯಾವುದಕ್ಕೆ ಕಾರಣ ಗೊತ್ತಾಗಲಿಲ್ಲವೋ ಅದನ್ನು ಮುಚ್ಚಿಡದೆ ಚಾರ್ಟಿನ ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆಯಬೇಕು. ಆಮೇಲೆ ಆ ಭಯ್ಯಾ ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದ.

ಅದೇ ವರ್ಷ ಒಂಬತ್ತನೆಯ ತರಗತಿಗೆ ಪೂರ್ವಿ ಬಂದು ಸೇರಿದ್ದಳು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಹಾಸನದಿಂದ ದೆಹಲಿಗೆ ವರ್ಗವಾಗಿ ಬಂದವರು. ಬಾಡಿಗೆ ಕಡಿಮೆಯೆಂದು ಮನೆಯನ್ನು ಘಾಜಿಯಾಬಾದಿನಲ್ಲಿ ಮಾಡಿದ್ದರು. ಹುಡುಗಿ ಚುರುಕು, ಆದರೆ ಹಿಂದಿ ಅವಳಿಗೆ ಒಲಿದಿರಲಿಲ್ಲ. ತನ್ನ ಬಗ್ಗೆ ಹೇಳುವಾಗ ಹುಡುಗರಂತೆ ‘ಮೈ ಜಾತಾ ಹೂಂ’ ಎನ್ನುತ್ತಿದ್ದಳು. ತರಗತಿಯ ಪಡ್ಡೆಗಳು ಅದನ್ನೇ ಅಣಕಿಸಿ ಅವಳನ್ನು ‘ಪೂರ್ವಿ ಭಾಯಿ’ ಎಂದು ಕರೆಯತೊಡಗಿದರು. ದೀಪಾವಳಿಯ ಹೊತ್ತಿಗೆ ಅವಳು ಬಾಯಿ ತೆರೆಯುವುದನ್ನೇ ನಿಲ್ಲಿಸಿದ್ದಳು.

ಒಂದು ದಿನ ಅವಳ ತಾಯಿ ಸುಮಿತ್ರಾ ಸ್ಟಾಫ್ ರೂಮಿಗೆ ಬಂದರು.

“ಮೇಡಂ, ಇವಳು ಟಿ.ಸಿ. ತಗೊಂಡು ಹಾಸನಕ್ಕೆ ಅಜ್ಜಿ ಹತ್ರ ಹೋಗ್ತೀನಿ ಅಂತ ಹಠ ಹಿಡಿದುಬಿಟ್ಟಿದಾಳೆ. ಇವರೇನೋ ಹೋಗಲಿ ಬಿಡು ಅಂತಾರೆ. ಈ ವಯಸ್ಸಲ್ಲಿ ಮಗಳನ್ನ ದೂರ ಬಿಟ್ಟು ನಾನು ಹೆಂಗಿರ್ಲಿ?”

“ಟರ್ಮ್ ಮುಗಿಯೋವರೆಗೂ ತಡ್ಕೊಳಿ. ಪ್ರಾಜೆಕ್ಟ್ ಒಂದು ಆಗಲಿ,” ಎಂದೆ. ಅಂಥ ಭರವಸೆಯೇನೂ ನನಗಿರಲಿಲ್ಲ. ಆದರೂ ಆ ತಾಯಿಯನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ.

ಪೂರ್ವಿಯನ್ನು ಇಕ್ರಾ ಎಂಬ ಹುಡುಗಿಯ ಜೊತೆ ಹಾಕಿದೆ. ಇಕ್ರಾ ಅರಳು ಹುರಿದಂತೆ ಮಾತಾಡುತ್ತಿದ್ದಳು, ಆದರೆ ಕೂತು ಅಂಕಿ ಬರೆದುಕೊಳ್ಳುವ ತಾಳ್ಮೆ ಅವಳಿಗಿರಲಿಲ್ಲ. ಆ ತಾಳ್ಮೆ ಪೂರ್ವಿಗಿತ್ತು. ನಮ್ಮ ಲ್ಯಾಬಿನಲ್ಲಿ ಗಾಳಿಯ ಧೂಳು ಅಳೆಯುವ ಪುಟ್ಟ ಮೀಟರ್ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳಿಗೆ ಪಿ.ಎಂ. 2.5 ಎನ್ನುತ್ತಾರೆ. ಚಳಿಗಾಲದ ದೆಹಲಿಯಲ್ಲಿ ತರಕಾರಿ ಮಾರುವವರ ಬಾಯಲ್ಲೂ ಆ ಮಾತಿರುತ್ತದೆ. ಈ ಹುಡುಗಿಯರು ತಮ್ಮ ತರಗತಿಯಲ್ಲಿ ಮೀಟರ್ ಇಟ್ಟು ದಿನವಿಡೀ ಅಂಕಿ ಗುರುತಿಸಿದರು. ಪ್ರತಿದಿನ ಮೊದಲ ಪೀರಿಯಡ್ಡಿನಲ್ಲಿ ಗ್ರಾಫ್ ಗುಡ್ಡದಂತೆ ಮೇಲೇರಿ, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು.

ಆ ಹೊತ್ತಿಗೆ ಗೇಟಿನ ಮುಂದೆ ಮಕ್ಕಳನ್ನು ಬಿಡಲು ಬಂದ ಕಾರುಗಳು ಎಂಜಿನ್ ಆರಿಸದೆ ಸಾಲುಗಟ್ಟಿ ನಿಂತಿರುತ್ತಿದ್ದವು. ಕಾರಣ ಅದೇ ಎಂದು ಇಬ್ಬರೂ ತೀರ್ಮಾನಿಸಿದರು. ನನಗೂ ಸರಿಯೆನಿಸಿತು. ಒಂದು ದಿನ ಮಾತ್ರ ಲೆಕ್ಕ ಕೂಡಿಬರಲಿಲ್ಲ. ಚಳಿ ಹೆಚ್ಚೆಂದು ಚಿಕ್ಕ ತರಗತಿಗಳಿಗೆ ರಜೆ ಕೊಟ್ಟ ದಿನ ಗೇಟಿನಲ್ಲಿ ಕಾರುಗಳು ವಿರಳವಾಗಿದ್ದವು, ಗುಡ್ಡ ಮಾತ್ರ ಅಷ್ಟೇನೂ ಕುಗ್ಗಿರಲಿಲ್ಲ. “ನಿಯಮ ನಿಯಮವೇ, ಪ್ರಶ್ನಾರ್ಥಕ ಚಿಹ್ನೆ ಹಾಕಿ,” ಎಂದೆ. ಪೂರ್ವಿ ಚಾರ್ಟಿನ ಮೂಲೆಯಲ್ಲಿ ಅದನ್ನು ಬರೆದಳು.

ಪ್ರಿನ್ಸಿಪಾಲರಿಗೆ ಈ ಪ್ರಾಜೆಕ್ಟ್ ಹಿಡಿಸಿತು. ಕಾರುಗಳನ್ನು ಗೇಟಿನಿಂದ ದೂರ ನಿಲ್ಲಿಸಿ ಎಂದು ಹೇಳಿ ಹೇಳಿ ಅವರಿಗೆ ಸಾಕಾಗಿಹೋಗಿತ್ತು. ಈ ಮಕ್ಕಳನ್ನೇ ಮೊದಲು ಮಾತಾಡಿಸಿ ಎಂದರು.

ಆ ದಿನ ಹಾಲ್ ತುಂಬಿತ್ತು. ಚಳಿಗೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದರು. ಮುಖ್ಯ ಅತಿಥಿಗಳು ದೀಪ ಬೆಳಗಿದರು. ಸರಸ್ವತಿಯ ಪಟದ ಮುಂದೆ ಒಂದು ಹಿಡಿ ಅಗರಬತ್ತಿ ಹಚ್ಚಿದ್ದಾಯಿತು, ಪ್ರಾರ್ಥನೆ ಆಯಿತು. ಆಮೇಲೆ ಪೂರ್ವಿ, ಇಕ್ರಾ ವೇದಿಕೆಗೆ ಬಂದರು. ಮೀಟರಿನ ಅಂಕಿ ದೊಡ್ಡ ಪರದೆಯ ಮೇಲೆ ಕಾಣುವಂತೆ ಮಾಡಿದ್ದೆವು. ಹಾಲ್ ಇರುವುದು ಶಾಲೆಯ ಹಿಂಭಾಗದಲ್ಲಿ, ಗೇಟಿನಿಂದ ದೂರ. ಇಲ್ಲಿ ಅಂಕಿ ಕಡಿಮೆಯಿರುತ್ತದೆ, ಅದನ್ನು ತೋರಿಸಿ ತರಗತಿಯ ಗ್ರಾಫ್ ಪಕ್ಕದಲ್ಲಿಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ ಎಂಬುದು ಅವರ ಉಪಾಯ.

ಇಕ್ರಾ ಠೀವಿಯಿಂದ ಶುರುಮಾಡಿದಳು. ಪರದೆಯ ಮೇಲಿನ ಅಂಕಿ ಏರತೊಡಗಿತು. ಅವಳು ಕಾರುಗಳ ಮಾತು ತೆಗೆಯುವ ಹೊತ್ತಿಗೆ ಅದು ಅವರ ಗ್ರಾಫಿನ ಗುಡ್ಡದ ತುದಿಯನ್ನೂ ದಾಟಿತ್ತು. ಮುಂದಿನ ಸಾಲಿನಲ್ಲಿದ್ದ ತಂದೆಯೊಬ್ಬರು ಎದ್ದು ನಿಂತರು.

“ಬೇಟಾ, ಗಾಡಿಯಾಂ ತೋ ಸಬ್ ಬಾಹರ್ ಹೈಂ. ಹಾಲ್ ಕೇ ಅಂದರ್ ಕೌನ್ ಸೀ ಗಾಡಿ ಚಲ್ ರಹೀ ಹೈ?”

ಗಾಡಿಗಳೆಲ್ಲ ಹೊರಗಿರುವಾಗ ಹಾಲಿನೊಳಗೆ ಯಾವ ಗಾಡಿ ಓಡುತ್ತಿದೆ ಎಂದು ಅವರ ಪ್ರಶ್ನೆ. ಹಾಲಿಗೆ ಹಾಲೇ ನಕ್ಕಿತು. ಇಕ್ರಾ ಜೀವನದಲ್ಲಿ ಮೊದಲ ಬಾರಿಗೆ ಮಾತು ಮರೆತಳು. ಹಿಂದಿನ ಸಾಲಿನಲ್ಲಿ ಸುಮಿತ್ರಾ ತಲೆ ತಗ್ಗಿಸಿದ್ದು ನನಗೆ ಕಂಡಿತು. ಹುಡುಗಿ ಹಾಸನದ ರೈಲು ಹತ್ತಿದಳೆಂದೇ ನಾನು ಅಂದುಕೊಂಡೆ. ಪ್ರಿನ್ಸಿಪಾಲರು ನನ್ನತ್ತ ಬಾಗಿ, “ಮೇಡಂ, ಮುಂದಿನ ಟೀಮ್ ಕರೆಯಿರಿ,” ಎಂದರು.

ಮೈಕ್ ನನ್ನ ಕೈಯಲ್ಲೇ ಇತ್ತು. ಪೂರ್ವಿಯ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ಚಾರ್ಟಿನ ಮೂಲೆಯ ಪ್ರಶ್ನಾರ್ಥಕ ಚಿಹ್ನೆಯನ್ನೇ ದಿಟ್ಟಿಸುತ್ತಿದ್ದಳು. “ಎರಡು ನಿಮಿಷ, ಸರ್,” ಎಂದು ಮೈಕನ್ನು ಆಫ್ ಮಾಡಿ ಕೂತೆ.

ಪೂರ್ವಿ ಮೀಟರನ್ನು ಎತ್ತಿಕೊಂಡು ಸರಸ್ವತಿಯ ಪಟದ ಹತ್ತಿರ ನಡೆದಳು. ಅಗರಬತ್ತಿಯ ಬಳಿ ಹಿಡಿದ ಕೂಡಲೇ ಪರದೆಯ ಅಂಕಿ ಛಂಗನೆ ನೆಗೆಯಿತು.

“ಮೈ ಸಮಝ್ ಗಯಾ!” ಅರ್ಥವಾಯಿತು ಎಂದು ಅದೇ ಹುಡುಗರ ಹಿಂದಿಯಲ್ಲಿ ಕೂಗಿದಳು. ಆ ದಿನ ಅದನ್ನು ಕೇಳಿ ಯಾರೂ ನಗಲಿಲ್ಲ.

ಮುಂದೆ ಅವಳು ಹಿಂದಿ, ಇಂಗ್ಲಿಷ್ ಬೆರೆಸಿ ಹೇಳಿದ್ದರ ಸಾರ ಇಷ್ಟು. ನಮ್ಮ ಚಾರ್ಟಿನಲ್ಲಿ ಬರೆದದ್ದು ಪೂರ್ತಿ ಸರಿಯಲ್ಲ. ತರಗತಿಯಲ್ಲೂ ದಿನಾ ಬೆಳಿಗ್ಗೆ ಮಾನಿಟರ್ ಅಗರಬತ್ತಿ ಹಚ್ಚುತ್ತಾನೆ. ಕಾರು ಕಡಿಮೆಯಿದ್ದ ದಿನವೂ ಹಚ್ಚಿದ್ದ. ನಾವು ಗೇಟಿನತ್ತ ನೋಡುತ್ತಾ ನಮ್ಮ ಮೇಜಿನ ಮೇಲಿದ್ದುದನ್ನು ನೋಡಲೇ ಇಲ್ಲ.

ಅಷ್ಟರಲ್ಲಿ ಹಿರಿಯರೊಬ್ಬರು, ಯಾರದೋ ತಾತ, ಕೋಲೂರಿ ಎದ್ದರು. ಇನ್ನು ದೇವರ ಮುಂದೆ ಅಗರಬತ್ತಿಯನ್ನೂ ಹಚ್ಚಬಾರದೇನು ಎಂದು ಗಡುಸಾಗಿ ಕೇಳಿದರು. ಇಂಥ ಪ್ರಶ್ನೆಗೆ ದೊಡ್ಡವರೇ ತಡವರಿಸುತ್ತಾರೆ. ಪ್ರಿನ್ಸಿಪಾಲರು ಕರವಸ್ತ್ರ ತೆಗೆದರು.

“ಹಚ್ಚಬಾರದು ಅಂತಲ್ಲ, ದಾದಾಜಿ,” ಎಂದಳು ಪೂರ್ವಿ. “ಹಾಸನದಲ್ಲಿ ನಮ್ಮ ಅಜ್ಜಿ ಎರಡು ಹೊತ್ತೂ ಹಚ್ಚುತ್ತಾರೆ. ಆದರೆ ಅಲ್ಲಿ ವರ್ಷವಿಡೀ ಕಿಟಕಿ ತೆಗೆದೇ ಇರುತ್ತೆ. ಇಲ್ಲಿ ಚಳಿ ಅಂತ ಎಲ್ಲ ಮುಚ್ಚಿ ಹಚ್ಚುತ್ತೇವೆ. ಹೊಗೆ ಹೋಗುವುದೆಲ್ಲಿಗೆ?”

ತಾತ ಒಂದು ಕ್ಷಣ ಯೋಚಿಸಿ, ಪಕ್ಕದವರತ್ತ ತಿರುಗಿ, “ಅಚ್ಛಾ, ಚಲೋ, ಖಿಡ್ಕೀ ಖೋಲೋ ಭಾಯೀ,” ಎಂದರು. ಕಿಟಕಿಗಳು ತೆರೆದವು. ಚಳಿಗೆ ಎಲ್ಲರೂ ಶಾಲು ಬಿಗಿದುಕೊಂಡರು. ಅಂಕಿ ಇಳಿಯತೊಡಗಿತು. ದೆಹಲಿಯ ಸೀಮೆಯ ಗಾಳಿ, ಹೊರಗಿನದೂ ಅಷ್ಟಕ್ಕಷ್ಟೆ. ಅಂಕಿ ಹೊರಗಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

ಮೊದಲು ಪ್ರಶ್ನೆ ಕೇಳಿದ ತಂದೆ ಬಿಡುವವರಲ್ಲ. “ಹಾಗಾದರೆ ನಮ್ಮ ಕಾರುಗಳದ್ದು ತಪ್ಪಿಲ್ಲ ತಾನೆ?” ಎಂದರು.

“ಇನ್ನೂ ಗೊತ್ತಿಲ್ಲ ಅಂಕಲ್. ಅಗರಬತ್ತಿ ಇಲ್ಲದೆ ಅಳೆದು ನೋಡಿ ಹೇಳುತ್ತೇನೆ.”

ಆ ಮನುಷ್ಯ ನಕ್ಕು ಚಪ್ಪಾಳೆ ತಟ್ಟಿದರು. ಹಾಲೂ ತಟ್ಟಿತು. ನನಗೆ ಕಣ್ಣು ತುಂಬಿ ಬಂತು, ಇಂದಿಗೂ ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮರುದಿನದಿಂದ ಒಂದು ವಾರ ಅವರು ಮತ್ತೆ ಅಳೆದರು. ಅಗರಬತ್ತಿ ಕಿಟಕಿಯ ಹೊರಗಿನ ಕಟ್ಟೆಗೆ ಹೋದ ಮೇಲೆ ಗುಡ್ಡ ಅರ್ಧಕ್ಕರ್ಧ ಕುಗ್ಗಿತು, ಮಾಯವಾಗಲಿಲ್ಲ. ಉಳಿದದ್ದು ಕಾರುಗಳ ಪಾಲಿರಬೇಕು ಎಂದು ಬರೆದು, ‘ಇರಬೇಕು’ ಎಂಬುದರ ಕೆಳಗೆ ಗೆರೆ ಎಳೆದರು. ಚಳಿಗಾಲದ ರಜೆ ಮುಗಿದ ಮೇಲೆ ಆ ತಂದೆ ಕಾರನ್ನು ತಿರುವಿನಲ್ಲೇ ನಿಲ್ಲಿಸಿ ಮಗನನ್ನು ನಡೆಸಿಕೊಂಡು ಬರತೊಡಗಿದರು. ಅವರನ್ನು ನೋಡಿ ಇನ್ನೂ ಕೆಲವರು ಹಾಗೇ ಮಾಡಿದರು.

ಮಕ್ಕಳು ನಾಲ್ಕು ಜನರ ಮುಂದೆ ಎಡವಿದಾಗ ನಮಗೆ ಅವರನ್ನು ಬೇಗ ಕೆಳಗಿಳಿಸುವ ಆತುರ. ಅದು ಕರುಣೆಯೆಂದು ನಾವು ತಿಳಿಯುತ್ತೇವೆ. ಆದರೆ ಮಗುವಿಗೆ ಬೇಕಾದದ್ದು ಅಲ್ಲೇ ನಿಂತು ಯೋಚಿಸಲು ಇನ್ನೆರಡು ನಿಮಿಷ. ಅದನ್ನು ಕೊಡಿಸುವುದೂ ಮೇಷ್ಟರ ಕೆಲಸವೆಂದು ನಾನು ನಿವೃತ್ತಿಯ ಅಂಚಿನಲ್ಲಿ ಕಲಿತೆ.

ಆ ದಿನ ಕಾರ್ಯಕ್ರಮ ಮುಗಿದು ಗೇಟಿನ ಬಳಿ ಸುಮಿತ್ರಾ ಸಿಕ್ಕಿದ್ದರು.

“ಟಿ.ಸಿ. ವಿಷಯ ಏನ್ ಮಾಡ್ತೀಯ ಅಂತ ಈಗ್ಲೇ ಕೇಳ್ದೆ ಮೇಡಂ,” ಎಂದರು. “‘ಆಮೇಲೆ ಮಾತಾಡೋಣ ಅಮ್ಮ, ನಾಳೆ ಮಾನಿಟರ್ ಅಗರಬತ್ತಿ ಹಚ್ಚೋಕ್ಕಿಂತ ಮುಂಚೆ ನಾನು ಕ್ಲಾಸಲ್ಲಿರಬೇಕು, ಬೇಗ ಎಬ್ಬಿಸು’ ಅಂದ್ಲು.”