ವೈನಿ ಕೇಳಿದ ಹಾಡು

ಇದರಲ್ಲಿ ನಡೆದದ್ದು ಎಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದು ಎಷ್ಟು ಎಂದು ಖಚಿತವಾಗಿ ಹೇಳಲಾರೆ.

ಸುರಪುರದ ನಮ್ಮ ಮನೆಯಲ್ಲಿ ನೆಟ್ಟಗಿದ್ದ ಪ್ಲಗ್ಗು ಅಡುಗೆಕೋಣೆಯಲ್ಲಿ ಮಾತ್ರ ಇತ್ತು. ಹಾಗಾಗಿ ನನ್ನ ಟೇಪ್ ರೆಕಾರ್ಡರ್ ಒಲೆಯ ಪಕ್ಕದ ಗೋಡೆಗೂಡಿನಲ್ಲಿ ಇರುತ್ತಿತ್ತು. ಕಲಬುರಗಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲ್ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ ಅದರಲ್ಲಿ ಸದಾ ಸುತ್ತುತ್ತಿತ್ತು. ನಾವಿನ್ನೂ ಹುಟ್ಟದ ಕಾಲಕ್ಕೆ ಅಮೆರಿಕದ ಕಪ್ಪು ಗಾಯಕರು ಹಾಡಿದ ಸೋಲ್ ಸಂಗೀತ. ಅವಸರವಿಲ್ಲದ ಡ್ರಮ್ಮು, ಅದರ ಕೆಳಗೆ ಬೆಕ್ಕಿನಂತೆ ಸುಳಿದಾಡುವ ಬೇಸ್ ಗಿಟಾರು, ಮೇಲೆ ಅಂಗಲಾಚುವ ಒಂದು ಗಂಡು ದನಿ.

ವೈನಿ, ಅಂದರೆ ಅಣ್ಣನ ಹೆಂಡತಿ, ಅಲ್ಲೇ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಅವರ ಕೈಪೆಟ್ಟು ಡ್ರಮ್ಮಿನ ಎರಡು ಪೆಟ್ಟುಗಳ ನಡುವೆ ಸರಿಯಾಗಿ ಬೀಳುತ್ತಿತ್ತು ಎಂದು ನನ್ನ ನೆನಪು. ನಂಬುವಂಥ ನೆನಪಲ್ಲ. ಇಷ್ಟು ವರ್ಷ ಕಳೆದ ಮೇಲೆ ಯಾವ ಬಡಿತವೂ ಯಾವ ತಾಳಕ್ಕೂ ಕೂಡಿಬಿಡುತ್ತದೆ. ಅವರಾಡಿದ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿದಿದೆ:

"ಇವನ ಹೆಣ್ತಿ ತವರಿಗಿ ಹೋಗ್ಯಾಳೇನೋ ತಮ್ಮಾ. ರೊಟ್ಟಿ ಹಾಕಾವ್ರಿಲ್ದ ಅಳಾಕತ್ತಾನ."

ನಾನು ಹೊರಕೋಣೆಯಲ್ಲಿ ಓದುತ್ತ ಕುಳಿತರೆ, ಒಳಗೆ ಮುಗಿದ ಹಾಡು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಅದೇ ಹಾಡು. ಎದ್ದು ಹೋಗಿ ನೋಡಿದವನಲ್ಲ.

ಹೋದ ವರ್ಷ ವೈನಿ ತೀರಿಕೊಂಡರು. ಅಣ್ಣ ನೌಕರಿಯ ಕಾಲವನ್ನೆಲ್ಲ ಬೆಳಗ್ಗೆ ಶಹಾಪುರದ ಬಸ್ಸು ಹತ್ತಿ ಸಂಜೆ ಇಳಿಯುವುದರಲ್ಲಿ ಕಳೆದವನು. ಹೆಂಡತಿಯ ಹಗಲು ಹೇಗಿತ್ತೆಂದು ಅವನು ಕಂಡಿರಲಿಲ್ಲ. ಈಗ ಒಂದೇ ಪ್ರಶ್ನೆ ಹಿಡಿದು ಕೂತಿದ್ದ: ಈ ಮನೆಯಲ್ಲಿ ಆಕೆಗೆ ಸುಖ ಅನ್ನುವಂಥದ್ದು ಏನಾದರೂ ಇತ್ತೇ? ನಾನು ಹಾಡಿನ ವಿಷಯ ಹೇಳಿದೆ. ಅವನು ಒಪ್ಪಲಿಲ್ಲ. ಆ ಗದ್ದಲ ಬಂದ್ ಮಾಡಿಸಿರಿ ಎಂದು ಆಕೆ ತನ್ನ ಮುಂದೆ ದೂರಿದ್ದುಂಟಂತೆ. ಹಾಡು ತಿರುಗಿ ಬರುತ್ತಿದ್ದದ್ದು ಟೇಪು ಕೆಟ್ಟಿದ್ದರಿಂದ ಇರಬೇಕಂತೆ.

"ಓದಿದಾವ ನೀ," ಅಂದ. "ನನಗ ಸಮಾಧಾನ ಆಗ್ಲಂತ ಕತಿ ಕಟ್ಟಬ್ಯಾಡ."

ಯಾದಗಿರಿಗೆ ಮರಳುವಾಗ ಬಸ್ಸಿನಲ್ಲಿ ನನಗೂ ಅದೇ ಅನುಮಾನ. ಮೊಬೈಲಿನಲ್ಲಿ ಆ ಹಾಡು ಹುಡುಕಿ ಕಿವಿಗೆ ಹಚ್ಚಿಕೊಂಡೆ. ಬೇಸ್ ಮೊದಲಿಗಿಂತ ಸ್ಪಷ್ಟವಾಗಿತ್ತು. ರೊಟ್ಟಿಯ ಸದ್ದು ಬರಬೇಕಾದಲ್ಲಿ ಏನೂ ಇರಲಿಲ್ಲ. ಆ ಖಾಲಿ ಜಾಗದಲ್ಲಿ ವೈನಿಯನ್ನು ನಾನೇ ತಂದು ಕೂರಿಸಿದ್ದೆನೋ ಏನೋ.

ಮುಂದಿನ ಸಲ ಹೋದಾಗ ಅಟ್ಟದ ಮೇಲಿಂದ ಟೇಪ್ ರೆಕಾರ್ಡರ್ ಇಳಿಸಿದೆ. ಹಿಂದಕ್ಕೆ ಸುತ್ತುವ ಗುಂಡಿಯ ಮೇಲೆ ಬಿಳಿಯ ಹಕ್ಕಳೆಯೊಂದು ಗಟ್ಟಿಯಾಗಿ ಕೂತಿತ್ತು. ಹಾಡು ಹಚ್ಚುವ ಗುಂಡಿಯ ಮೇಲೂ ಇತ್ತು. ಸುಣ್ಣವಿರಬಹುದೆಂದು ಒದ್ದೆ ಬೆರಳು ಇಟ್ಟು ನೋಡಿದೆ. ಮೆತ್ತಗಾಗಿ ಅಂಟಿತು. ಜೋಳದ ಹಿಟ್ಟು. ನಾನಾಗಲಿ ಅಣ್ಣನಾಗಲಿ ಆ ಮನೆಯಲ್ಲಿ ಎಂದೂ ಹಿಟ್ಟಿಗೆ ಕೈ ಹಾಕಿದವರಲ್ಲ.

ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಧೂಳು ತೆಗೆಯಲು ನಾನು ಅರಿವೆ ತಂದರೆ, "ಒರಸಬ್ಯಾಡ," ಅಂದ.

ನಿಲ್ಲಿಸುವ ಗುಂಡಿಯನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದೆವು. ಅದರ ಮೇಲೆ ಹಿಟ್ಟಿರಲಿಲ್ಲ.