ಗುರುಬಾಯಿ ಅಕ್ಕಾರ ಹೆಬ್ಬೆರಳು

ಗುರುಬಾಯಿ ಅಕ್ಕಾರು ತರಕಾರಿ ಹೆಚ್ಚಲು ಮಣೆ ಬಳಸಿದ್ದನ್ನು ನಾನು ಕಂಡಿಲ್ಲ. ಎಡಗೈಯಲ್ಲಿ ಬದನೆಕಾಯಿ ಹಿಡಿದು, ಬಲಗೈಯ ಚಾಕುವನ್ನು ಅದೇ ಕೈಯ ಹೆಬ್ಬೆರಳಿನತ್ತ ಎಳೆದುಕೊಳ್ಳುತ್ತಿದ್ದರು. ಅಲಗು ಬಂದು ಬೆರಳಿಗೆ ತಾಗಿ ನಿಲ್ಲುತ್ತಿತ್ತು. ಆ ಬೆರಳಿನ ತುಂಬ ಕೂದಲೆಳೆಯಂಥ ಕಪ್ಪು ಗೆರೆಗಳು. ರಕ್ತ ಬಂದದ್ದು ಮಾತ್ರ ಎಂದೂ ಇಲ್ಲ.

ಸಿಂದಗಿಯ ಬಸ್ ನಿಲ್ದಾಣದ ಹಿಂದೆ ಅವರ ಖಾನಾವಳಿ. ಕಾಲೇಜಿನಲ್ಲಿ ಪಾಠ ಹೇಳಲು ಬಂದು ಒಂದು ಕೋಣೆ ಹಿಡಿದಿದ್ದ ನಾನು ಮೂರು ವರ್ಷ ಅಲ್ಲೇ ಉಂಡೆ. ರಜೆಯ ದಿನಗಳಲ್ಲಿ ನನ್ನೊಡನೆ ಮಾತಾಡುವ ಜೀವ ಅವರೊಬ್ಬರೇ. "ಯಾಕ್ರಿ ಸರ, ಮಾರಿ ಬಾಡೈತಿ? ಹುಡುಗೂರು ಮಾತು ಕೇಳವಲ್ಲರೇನು?" ಎನ್ನುತ್ತ ಇನ್ನೊಂದು ರೊಟ್ಟಿ ಹಾಕುವರು. ಗಂಡ ತೀರಿಕೊಂಡ ಮೇಲೆ ಆ ರೊಟ್ಟಿಯಿಂದಲೇ ಅವರ ಬದುಕು. "ಕೈ ನಡಿಯೂ ತನಕ ಯಾರ ಮನ್ಯಾಗೂ ಕುಂತು ಉಣ್ಣಾಂಗಿಲ್ಲ" ಎಂಬುದು ಅವರ ಹಟ.

ಅವರ ಚಾಕು ಗೊಳಸಂಗಿಯ ಕಮ್ಮಾರನೊಬ್ಬ ಗರಗಸದ ಹಳೆಯ ತುಂಡನ್ನು ತಿಕ್ಕಿ ಮಾಡಿಕೊಟ್ಟದ್ದು. ಅದನ್ನು ನೋಡಲಾರದೆ ನಾನು ಫೋನಿನಲ್ಲಿ ಹೊಸದೊಂದನ್ನು ತರಿಸಿದೆ. ಕೊಡಲು ಹೋದರೆ ಕೈ ಹಿಂದೆ ತೆಗೆದುಕೊಂಡರು.

"ನೆಲಕ್ಕಿಡ್ರಿ. ಚಾಕು ಕೈಯಾಗ ಕೊಟ್ರ ಜಗಳ ಆಕ್ಕಾವು."

ಇಟ್ಟೆ. ಎತ್ತಿಕೊಂಡು ಬೆಳಕಿಗೆ ಹಿಡಿದರು. "ಈ ತೂತು ಯಾಕ್ರಿ?"

"ಸೌತೆಕಾಯಿ ಅಲಗಿಗೆ ಅಂಟಬಾರದು ಅಂತ."

"ಅಂಟಿದ್ರ ಬಳ್ಳಿಂದ ತಗದ್ರಾತು" ಎಂದು ಬೆರಳೆತ್ತಿ ತೋರಿಸಿದರು. " ತೂತಿಗೂ ರೊಕ್ಕ ಹಚ್ಯಾರೇನು?" ನಕ್ಕರು. "ಮತ್ತ ಈ ಹಲ್ಲು?"

"ಟೊಮೆಟೊ ಜಾರೋದಿಲ್ಲ. ಸಾಣೆ ಹಿಡಿಸೋದೂ ಬೇಡ."

"ಚಲೋ ಆತು ಬಿಡ್ರಿ" ಎಂದು ಗೂಡಿನಲ್ಲಿಟ್ಟರು. ತಿಂಗಳಾದರೂ ಅದು ಗೂಡಿನಲ್ಲೇ ಇತ್ತು. ನನಗೆ ಸಣ್ಣದಾಗಿ ಬೇಸರವಾಯಿತು. ಒಂದು ಮಧ್ಯಾಹ್ನ ಉಣ್ಣುತ್ತ, "ನಾನು ಕೊಟ್ಟದ್ದು ನಿಮಗೆ ಸೇರಲಿಲ್ಲ ಅಕ್ಕಾರ" ಎಂದುಬಿಟ್ಟೆ.

"ಅಯ್ಯ, ಇಷ್ಟಕ್ಕ ಸಿಟ್ಟಾದ್ರೇನು?" ಎಂದು ಎದ್ದರು. ಹೊಸ ಚಾಕು ತೆಗೆದು, ನನ್ನೆದುರೇ ನಿಂತು, ಉಳ್ಳಾಗಡ್ಡಿ ಹಿಡಿದು ಎಂದಿನಂತೆ ತಮ್ಮತ್ತ ಎಳೆದರು. ಚಾಕು ನಿಲ್ಲಲಿಲ್ಲ.

ಅವರು ಬೆರಳನ್ನೇ ನೋಡಿದರು. ಸೀಳಿದ ಜಾಗ ಮೊದಲು ಬೆಳ್ಳಗಿತ್ತು, ಆಮೇಲೆ ತುಂಬಿಕೊಂಡಿತು. ನನ್ನ ಕೈಯಲ್ಲಿ ತುತ್ತು ಹಾಗೇ ಇತ್ತು. ಸೆರಗು ಸುತ್ತಿಕೊಂಡವರೂ ಅವರೇ, ಆಟೋ ಕರೆಯಿರಿ ಎಂದವರೂ ಅವರೇ. ಈಗಲೂ ತರಗತಿಯಲ್ಲಿ ಬೋರ್ಡಿಗೆ ತಿರುಗಿದಾಗ ಆ ಬೆಳ್ಳಗಿನ ಗೆರೆ ಕಾಣುತ್ತದೆ, ಬರೆಯುತ್ತಿದ್ದ ಕೈ ನಿಲ್ಲುತ್ತದೆ.

ವಿಜಯಪುರದ ವೈದ್ಯರು ಹೊಲಿಗೆ ಹಾಕಿದರು. ಬೆರಳು ಮಡಿಸುವ ನರ ತುಂಡಾಗಿದೆ, ಮೊದಲಿನಂತೆ ಆಗುವುದು ಕಷ್ಟ ಎಂದರು. ಹಿಂತಿರುಗಿ ಬಂದು ಹಳೆಯ ಚಾಕುವನ್ನು ಮುಟ್ಟಿ ನೋಡಿದೆ. ತುದಿ ಮಾತ್ರ ಹರಿತ. ಹಿಡಿಕೆಯ ಹತ್ತಿರ, ಹೆಬ್ಬೆರಳು ತಾಗುವಲ್ಲಿ, ಅಲಗು ಸವೆದು ಮೊಂಡಾಗಿತ್ತು. ಹೊಸದಕ್ಕೆ ಹಿಡಿಕೆಯವರೆಗೂ ಹಲ್ಲು. ಮಣೆಯ ಮೇಲೆ ಹೆಚ್ಚುವವರಿಗೆ ಅದು ಒಳ್ಳೆಯ ಚಾಕುವೇ ಇರಬಹುದು. ಅವರು ಹೇಗೆ ಹೆಚ್ಚುತ್ತಾರೆಂದು ಮೂರು ವರ್ಷ ಎದುರಿಗೇ ಕೂತು ನೋಡಿದವನು ನಾನು.

ಹಿಟ್ಟು ನಾದಲು ಆಗದೆ ಖಾನಾವಳಿ ಮುಚ್ಚಿತು. ಅಕ್ಕಾರು ಮಸೂತಿ ಎಂಬ ಊರಿನಲ್ಲಿರುವ ತಮ್ಮನ ಮನೆಗೆ ಹೋದರು.

ಕಳೆದ ತಿಂಗಳು ನೋಡಲು ಹೋಗಿದ್ದೆ. ನಾನು ತಪ್ಪಿನ ಮಾತೆತ್ತಿದರೆ, "ನಿಮ್ಮದೇನೈತ್ರಿ ಅದರಾಗ? ನಂದ ಬಳ್ಳು, ನಂದ ಎಳತ" ಎಂದರು. ತಮ್ಮನ ಹೆಂಡತಿ ಎಲ್ಲರಿಗೂ ತಾಟು ಹಚ್ಚಿದರು. ಅಕ್ಕಾರು ತಮ್ಮದನ್ನು ಎತ್ತಿಕೊಂಡು ಮೂಲೆಗೆ ಹೋಗಿ, ನಮಗೆ ಬೆನ್ನು ಮಾಡಿ, ಗೋಡೆಗೆ ಮುಖವಿಟ್ಟು ಕೂತರು. ಯಾಕೆಂದು ಕೇಳಬೇಕೆನ್ನುವಷ್ಟರಲ್ಲಿ ತುತ್ತಿಗೊಮ್ಮೆ ಅವರ ಎಡ ಮೊಣಕೈ ಮೇಲೇಳುವುದು ಕಂಡಿತು. ತಲೆ ತಗ್ಗಿಸಿ ನನ್ನ ತಾಟನ್ನೇ ನೋಡುತ್ತ ಉಂಡೆ.

"ಬರ್ತೇನ್ರಿ ಅಕ್ಕಾರ" ಎಂದೆ.

"ಹೂಂ, ಬರ್ರಿ ಸರ" ಎಂದರು, ಗೋಡೆಯತ್ತಲೇ.