ಮಿಲ್ಲಿಗೆ ಕಟ್ಟಿದ ಎರಡು ಬೆಲೆ

ಬೇರೆಯವರ ಆಸ್ತಿಗೆ ಬೆಲೆ ಕಟ್ಟುವುದು ನನ್ನ ಕಸುಬು. ನನ್ನದೇ ಸ್ಕೂಟರಿಗೆ ಬೆಲೆ ಹೇಳಲಾರದೆ ವರ್ಷಗಟ್ಟಲೆ ಒದ್ದಾಡಿದೆ. ಅದು ನಿಂತಲ್ಲೇ ತುಕ್ಕು ಹಿಡಿಯಿತು. ಹೆಂಡತಿ ಮನೆಯೊಳಗೇ ಇದ್ದರೂ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಚಡಪಡಿಸುವ ಪೈಕಿ ನಾನು. ಇಂಥವನಿಗೆ ಈಚೆಗೆ ಹೊಸ ಕೆಲಸವೊಂದು ಸೇರಿಕೊಂಡಿತು. ಕಾರ್ಖಾನೆಯ ಗೋಡೆ, ಯಂತ್ರ, ರಸ್ತೆ ನೋಡಿದರೆ ಸಾಲದು, ಅಲ್ಲಿನ ನೀರು, ಮಣ್ಣು, ಹೊಗೆಯನ್ನೂ ಲೆಕ್ಕಕ್ಕೆ ಹಿಡಿದು, ಆ ಜಾಗ ಮುಂದೆಯೂ ಬಾಳುವಂಥದ್ದೇ ಎಂದು ಹೇಳಬೇಕು. ನನ್ನ ಚಿಂತೆಗೂ ಕೊನೆಗೆ ಫೀಸು ಸಿಗುವಂತಾಯಿತಲ್ಲ ಎಂದು ಹಿಗ್ಗಿದ್ದೆ.

ಗಂಗಾವತಿ ಹತ್ತಿರದ ಒಂದು ಅಕ್ಕಿ ಮಿಲ್ಲಿಗೆ ಹೋಗುವ ತನಕ ಹಾಗೇ ಇದ್ದೆ.

ಮಿಲ್ಲು ಕಟ್ಟಿದಾತ ಹೋದ ವರ್ಷ ತೀರಿಕೊಂಡಿದ್ದ. ಅಂದಿನಿಂದ ಮಿಲ್ಲಿಗೆ ಬೀಗ. ಕಾಂಪೌಂಡಿನೊಳಗಿನ ಸಣ್ಣ ಮನೆಯಲ್ಲಿ ಆತನ ಹೆಂಡತಿ ಒಬ್ಬರೇ ಇದ್ದರು. ಮನೆತನದ ಆಸ್ತಿ ಪಾಲಾಗುವುದಿತ್ತು. ಮಿಲ್ಲು ಆಕೆಗೆ, ಕಾಲುವೆ ನೀರಿನ ಗದ್ದೆ ಮೈದುನನಿಗೆ ಎಂದು ಹಿರಿಯರು ಹೇಳಿದ್ದರು. ಎರಡೂ ಸಮ ಬೆಲೆ ಬಾಳಿದರೆ ಅಲ್ಲಿಗೆ ಮುಗಿಯಿತು. ಮಿಲ್ಲಿನ ಬೆಲೆ ಕಡಿಮೆ ಬಂದರೆ, ಕೊರತೆ ತುಂಬುವಷ್ಟು ಗದ್ದೆ ಆಕೆಗೂ ಸೇರಬೇಕು. ಬೆಲೆ ಕಟ್ಟಲು ನನ್ನನ್ನು ಕರೆಸಿದ್ದು ಆಕೆಯೇ.

ಹೋದೊಡನೆ ಚೊಂಬಿನಲ್ಲಿ ನೀರು, ಪಕ್ಕದಲ್ಲಿ ಬೆಲ್ಲ ತಂದಿಟ್ಟರು.

“ಬೋರಿನ ನೀರಾ ಅಕ್ಕಾರ?” ಎಂದೆ.

“ಅದು ಕೈಕಾಲು ತೊಳ್ಯಾಕ ಅಷ್ಟರಿ. ಕುಡ್ಯಾಕ ಕ್ಯಾನ್ ತರಸ್ತೀವಿ. ಮೊದ್ಲ ಭಾಳ ಸಿಹಿ ಇತ್ತು. ಈಗ ವಾಸನಿ ಬರಾಕತ್ತೈತಿ.”

ಹಿತ್ತಲಿಗೆ ಹೋದ ಮೇಲೆ ಕಾರಣ ಕೇಳುವ ಅಗತ್ಯ ಉಳಿಯಲಿಲ್ಲ. ಭತ್ತ ಕುದಿಸಿದ ನೀರನ್ನು ವರ್ಷಾನುಗಟ್ಟಲೆ ಇಂಗಿಸಿದ ಹೊಂಡ ಒಣಗಿ ಕಪ್ಪಗೆ ಬಿರಿದಿತ್ತು. ಬಾಯ್ಲರಿನಲ್ಲಿ ಹೊಟ್ಟು ಉರಿದು ಬಿದ್ದ ಬೂದಿ ಗುಡ್ಡೆಯಾಗಿ ಬೇಲಿಯ ಆಚೆಗೂ ಹರಡಿತ್ತು. ಮಿಲ್ಲಿನವರಲ್ಲಿ ಹೀಗೆ ಮಾಡಿದವನು ಆಕೆಯ ಗಂಡನೊಬ್ಬನೇ ಏನಲ್ಲ. ಆದರೆ ಮುಂದೆ ಈ ಮಿಲ್ಲು ನಡೆಸುವವರು ಮೊದಲು ಇದನ್ನೆಲ್ಲ ತೊಳೆಯಬೇಕು. ಆ ಖರ್ಚು ಕಳೆದರೆ ಬೆಲೆಯಲ್ಲಿ ಅರ್ಧವೂ ಉಳಿಯುತ್ತಿರಲಿಲ್ಲ. ಆಕೆಗೆ ಗದ್ದೆ ಸಿಗುತ್ತದೆ ಎಂದು ಒಳಗೊಳಗೇ ಖುಷಿಪಟ್ಟೆ. ಜೀವನದಲ್ಲಿ ಮೊದಲ ಸಲ ಕಡಿಮೆ ಬೆಲೆಯ ಸುದ್ದಿಯನ್ನು ಸಿಹಿ ಹಂಚುವವನ ಮುಖ ಮಾಡಿಕೊಂಡು ಹೇಳಿದೆ.

ಆಕೆ ಕೇಳಿಸಿಕೊಂಡರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅವ್ರು ಇಡೀ ಜನ್ಮ ದುಡದದ್ದು ಅರ್ಧಕ್ಕೂ ಬರಂಗಿಲ್ಲಂತೀರೇನ್ರಿ?” ಎಂದರು.

“ಹಂಗಲ್ಲರಿ ಅಕ್ಕಾರ. ಕಡಿಮಿ ಬರದ್ರ ನಿಮಗ ಛಲೋ ಆಗತೈತಿ. ಗದ್ದಿ ಬರತಾವ.”

“ನನಗ ಛಲೋ ಆಗಾಕ ಅವ್ರ ಹೆಸರು ಕೆಡಸಬೇಕೇನ್ರಿ?”

ಆದರೂ ಕಂಡದ್ದನ್ನು ಕಂಡಂತೆ ಬರೆದುಕೊಟ್ಟೆ.

ಹಿರಿಯರು ಜಮಖಾನೆಯ ಮೇಲೆ ಕೂತ ದಿನ ನನ್ನನ್ನೂ ಕರೆದಿದ್ದರು. ಮೈದುನ ತಾನೂ ಒಬ್ಬರನ್ನು ಕರೆಸಿ ಬೆಲೆ ಕಟ್ಟಿಸಿದ್ದ. ಅದರಲ್ಲಿ ನೀರಿಲ್ಲ, ಮಣ್ಣಿಲ್ಲ. ಗೋಡೆ, ಯಂತ್ರ, ರಸ್ತೆ ಅಷ್ಟೆ. ಮಿಲ್ಲು ಗದ್ದೆಯ ಸಮಕ್ಕೆ ಬಂದು ನಿಂತಿತ್ತು.

“ನಮ್ಮಣ್ಣ ಬಂಗಾರದಂಥಾ ಮಿಲ್ಲು ಕಟ್ಯಾನ. ಬೂದಿ ಐತಿ, ರಾಡಿ ಐತಿ ಅಂದ್ರ ಆತೇನು?” ಎಂದ.

ನಾನು ಎದ್ದು ಹೊಂಡದ ವಿಷಯ ಹೇಳಿದೆ, ಬೋರಿನ ವಿಷಯ ಹೇಳಿದೆ. ಹೇಳುವಾಗ ಬಿ.ಪಿ. ಗುಳಿಗೆ ನುಂಗಿದೆನೋ ಇಲ್ಲವೋ ಎಂಬ ಚಿಂತೆಯೂ ನಡುವೆ ಬಂತು. ಹಿರಿಯರೊಬ್ಬರು, “ಕುಂದರ್ರಿ ಸಾಹೇಬ್ರ. ತಗೊಳ್ಳಾಕಿ ಆಕಿ. ಆಕೀನ ಹೇಳಲಿ,” ಎಂದರು.

ಆಕೆ ಮೈದುನನ ಮುಖವನ್ನೇ ನೋಡುತ್ತಿದ್ದರು. ಗಂಡ ಸತ್ತ ಮೇಲೆ ಆತನನ್ನು ಹೊಗಳಿದ ಮೊದಲ ಮಾತು ಅದೇ ಇರಬೇಕು. ಕಣ್ಣು ತುಂಬಿಕೊಂಡು, “ನನ್ನ ಮೈದುನ ಹೇಳಿದ್ದ ಖರೆ ಐತ್ರಿ,” ಎಂದು ಗದ್ದೆ ಕೇಳದೆ ಪಾಲುಪತ್ರಕ್ಕೆ ಸಹಿ ಮಾಡಿದರು.

ಹೊರಡುವಾಗ ಬಾಗಿಲ ತನಕ ಬಂದರು. “ಸಿಟ್ಟಾಗಬ್ಯಾಡ್ರಿ. ನೀವು ಬೂದಿ ನೋಡಿದ್ರಿ, ಮಿಲ್ಲು ನೋಡಲಿಲ್ಲ.”

ಈಗ ಅದನ್ನು ಮಾರಿ ಕೊಡುವ ಹೊಣೆಯನ್ನು, ಯಾವ ನಂಬಿಕೆಯಿಂದಲೋ, ನನಗೇ ಒಪ್ಪಿಸಿದ್ದಾರೆ. ಕೊಳ್ಳುವವರು ಬರುತ್ತಾರೆ, ಹಿತ್ತಲಿಗೆ ಹೋಗುತ್ತಾರೆ, ಮಾತು ಕಡಿಮೆ ಮಾಡಿ ಕಾರು ಹತ್ತುತ್ತಾರೆ. ಸಂಜೆ ಆಕೆಯ ಫೋನು ಬರುತ್ತದೆ.

“ಏನಂದ್ರರಿ? ಮಿಲ್ಲು ಛಲೋ ಐತಿ ಅಂದ್ರಾ?”

“ಅಂದ್ರರಿ ಅಕ್ಕಾರ,” ಎನ್ನುತ್ತೇನೆ.

“ಹಂಗಾದ್ರ ಬರತಾರ ಬಿಡ್ರಿ.”